ಹಳೆಯದೂ ಓಡಿತು, ಹೊಸದೂ ಓಡಿತು

“ಓಡ್ತು ಅಂದ್ರೆ? ಪೂರ್ತಿ ಓಡ್ತಾ, ಇಲ್ಲಾ ಮೊನ್ನೆ ಥರ ಅರ್ಧದಾರೀಲಿ ಕೂತ್ಕೊಳ್ತಾ?”

ಚೀನಾದ ಲಾಂಜೋ ಪೇಟೆಯ ನೂಡಲ್ಸ್ ಅಂಗಡಿಯ ಬೆಳಗಿನ ಸಾಲಿನಲ್ಲಿ ಹೀಗೆ ಕೇಳಿದವರು ನರೆಗೂದಲಿನ ಸಂಶೋಧಕಿ ಷೆನ್. ಕೇಳಿಸಿಕೊಂಡವನು ಅವರ ಸಂಸ್ಥೆಯ ಲಿನಕ್ಸ್ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಗುವೋ. ಹಿಂದೆ ನಿಂತಿದ್ದ ನಿವೃತ್ತ ಬಸ್ ಚಾಲಕ ಕಾಂಗಜ್ಜನ ಕಿವಿ ನೆಟ್ಟಗಾಯಿತು.

“ಪೂರ್ತಿ, ಮೇಡಂ. ನಿಮ್ಮ ಹಳೇ ಪ್ರವಾಹದ ಪ್ರೋಗ್ರಾಂ ಕೊನೇವರೆಗೂ ಓಡ್ತು. ಹಿಮದ ಸರೋವರ ಒಡೆದ್ರೆ ನೀರು ಕೆಳಗಿನ ಹಳ್ಳಿ ಮುಟ್ಟೋಕೆ ನಲವತ್ತೊಂದು ನಿಮಿಷ. ಹೋದ ವರ್ಷದ್ದೇ ಉತ್ತರ.”

“ನೀನೇ ಅಲ್ವೇನೋ, ‘ಹೊಸದಾಗಿ ಸೇರಿದ ಹುಡುಗರ ಪ್ರೋಗ್ರಾಂಗೆ ಹೊಸ ಕೋಡ್ ಲೈಬ್ರರಿ ಬೇಕು, ನಿಮ್ಮ ಹಳೇ ಪ್ರೋಗ್ರಾಂ ಬಿಟ್ಬಿಡಿ’ ಅಂದಿದ್ದು?”

“ತಪ್ಪಾಯ್ತು. ಹೊಸ ಲೈಬ್ರರಿ ಹಾಕೋವಾಗ, ನಿಮ್ಮ ಪ್ರೋಗ್ರಾಂ ನೆಚ್ಕೊಂಡಿದ್ದ ಹಳೇ ಲೈಬ್ರರಿ ಅಳಿಸಿದ್ದೇ ನನ್ನ ಎಡವಟ್ಟು. ಈಗ ಎರಡೂ ಆವೃತ್ತಿ ಬೇರೆ ಬೇರೆ ಫೋಲ್ಡರಲ್ಲಿವೆ. ಶುರು ಮಾಡೋ ಮುಂಚೆ ಯಾವ್ದು ಬೇಕಂತ ಒಂದು ಸಾಲು ಬರೆದ್ರೆ ಸಾಕು, ಯಂತ್ರ ಅದನ್ನೇ ಕೊಡುತ್ತೆ.”

“ಹುಡುಗರದ್ದು?”

“ಪಕ್ಕದಲ್ಲೇ ಓಡ್ತಿದೆ. ಜಗಳವೇ ಇಲ್ಲ!”

“ಬದುಕಿಸ್ದೆ ಮಾರಾಯ! ಇಲ್ದಿದ್ರೆ ಇವತ್ತು ಹತ್ತು ಗಂಟೆಗಿರೋ ಸಭೇಲಿ ಹಳ್ಳಿಯವರ ಮುಂದೆ ಬಾಯಿ ಮುಚ್ಕೊಂಡು ನಿಲ್ತಿದ್ದೆ. ನಮ್ಮ ಗುರುಗಳು ಬರೆದ ಪ್ರೋಗ್ರಾಂ ಕಣೋ ಅದು. ಇವತ್ತು ನಿನ್ನ ಬಟ್ಟಲಿಗೆ ಎರಡು ಮೊಟ್ಟೆ, ನನ್ನ ಕಡೆಯಿಂದ.”

“ಮೊನ್ನೆ ಬೈದಿದ್ದಕ್ಕೆ ಮೂರನೇದು?”

“ಬೈಸ್ಕೊಂಡಿದ್ದಕ್ಕೇ ಎರಡು ಬಂದಿದ್ದು, ನಡಿ!”

ಸಾಲು ಕಿಟಕಿ ಮುಟ್ಟಿತು. ಷೆನ್ ಅಗಲ ಎಳೆಯ ನೂಡಲ್ಸ್ ಕೇಳಿದರು, ಗುವೋ ಕೂದಲೆಳೆಯಂಥದ್ದನ್ನು. ನೂಡಲ್ಸ್ ಎಳೆಯುವವನು ಒಂದೇ ಹಿಟ್ಟಿನ ಮುದ್ದೆಯಿಂದ ಎರಡನ್ನೂ ಎಳೆದುಕೊಟ್ಟ. ಇಬ್ಬರೂ ಬಟ್ಟಲು ಹಿಡಿದು ನಗುತ್ತ ಮೂಲೆಯ ಮೇಜಿಗೆ ಹೋದರು.

“ಅಜ್ಜಾ, ನಿಮ್ಗೆ ಆ ಹಳೇ ಮೂರುಮೂಲೆ ಎಳೆಯದ್ದೇ ತಾನೆ? ಈಗ ಯಾರೂ ಕೇಳಲ್ಲ ಅದನ್ನ,” ಎಂದ ನೂಡಲ್ಸ್ ಎಳೆಯುವವನು.

“ಹಳೇದೇ!” ಎಂದು ಕಾಂಗಜ್ಜ ಇಡೀ ಸಾಲಿಗೆ ಕೇಳುವಂತೆ ಕೂಗಿ, ದುಡ್ಡು ಕಟ್ಟಿದ ಚೀಟಿಯನ್ನು ಕಿಟಕಿಯೊಳಗೆ ಚಾಚಿದ.