ಖಾಲಿ ಮಾಡುವವರು ಯಾರು?

ಮಡಿ ಎಂದರೆ ಒದ್ದೆ ಪಂಚೆಯಲ್ಲ ಎಂದೆ. ಈ ಸಭೆಯಲ್ಲಿ ಕೂತ ನೀವೆಲ್ಲ ತಲೆ ಆಡಿಸಿದಿರಿ. ತಲೆ ಆಡಿಸುವುದು ಸುಲಭ. ಅದಕ್ಕೇ ಒಂದು ಕಥೆ ಹೇಳುತ್ತೇನೆ. ಊಟಕ್ಕೆ ಮುಂಚೆ ಹೇಳುವಂಥದ್ದಲ್ಲ, ಆದರೂ ಹೇಳುತ್ತೇನೆ.

ಒಂದೂರಿನಲ್ಲಿ ಒಬ್ಬ ಶ್ರೀಮಂತ. ಊರಿನ ಹೆಸರು ಕೇಳಬೇಡಿ. ಹೇಳಿದರೆ, ಸದ್ಯ ನಮ್ಮೂರಲ್ಲ ಎಂದು ನೀವು ನಿರಾಳವಾಗಿ ಕೂತುಬಿಡುತ್ತೀರಿ. ಅವನಿಗೆ ಎಂಬತ್ತು ದಾಟಿದ ತಾಯಿ. ಆಕೆಗೆ ಉಳಿದದ್ದು ಒಂದೇ ಆಸೆ. ಎರಡು ಹೊಳೆ ಕೂಡುವ ಸಂಗಮದಲ್ಲಿ ಮುಳುಗಿ ಏಳಬೇಕು, ಒಂದು ತಾಮ್ರದ ತಂಬಿಗೆಯಲ್ಲಿ ಆ ನೀರು ತರಬೇಕು. ಯಾಕೆ? ಕೊನೆಯುಸಿರಿನ ಹೊತ್ತಿಗೆ ಮಗ ಅದನ್ನೇ ಬಾಯಿಗೆ ಬಿಡಬೇಕು. ಅಷ್ಟೇ.

ಆದರೆ ದಾರಿ ನಾಲ್ಕು ದಿನದ್ದು. ಆಕೆಗೆ ಮಂಡಿ ನೋವು, ಕುಕ್ಕರಗಾಲಲ್ಲಿ ಕೂರಲಾಗದು. ಹಿಂದಿನ ಸಲ ಹೊರಟಾಗ, ದಾರಿಯಲ್ಲಿ ಎಲ್ಲಿ ಹೋಗಲಿ ಎಂಬ ಭಯಕ್ಕೆ ಒಂಬತ್ತು ಗಂಟೆ ನೀರೇ ಕುಡಿಯದೆ ಕೂತು, ತಲೆ ತಿರುಗಿ ಬಿದ್ದಿದ್ದಳು. ನೋಡಿ, ನಮ್ಮ ಮನೆಗಳಲ್ಲಿ ಪ್ರಯಾಣದ ದಿನ ನೀರು ಕುಡಿಯದ ಹೆಂಗಸರು ಎಷ್ಟು ಜನ? ಕೇಳಿದ್ದೀರಾ ಎಂದಾದರೂ?

ಮಗ ಕೆಟ್ಟವನಲ್ಲ. ಒಂದು ಸಣ್ಣ ಬಸ್ಸು ಕೊಂಡ. ಅದನ್ನು ಮನೆ ಮಾಡಿಸಲು ಹೊರಟ. ಮಂಚ, ಒಲೆ, ದೇವರ ಗೂಡು ಎಲ್ಲ ಒಂದೇ ದಿನದಲ್ಲಿ ತೀರ್ಮಾನವಾಯಿತು. ಉಳಿದದ್ದು ಶೌಚಾಲಯ. ತಾಯಿಯನ್ನೂ ಡ್ರೈವರನ್ನೂ ಕರೆದುಕೊಂಡು ಕಾರ್ಖಾನೆಗೆ ಹೋದ.

ಅಲ್ಲಿನ ಮೇಸ್ತ್ರಿ ಮೂರು ಬಗೆ ತೋರಿಸಿದ. ಮೊದಲನೆಯದಕ್ಕೆ ಆಸನದ ಕೆಳಗೆ ಸೂಟ್‌ಕೇಸಿನಂಥ ಡಬ್ಬಿ. ಇಪ್ಪತ್ತು ಲೀಟರು. ತುಂಬಿದಾಗ ಎಳೆದುಕೊಂಡು ಹೋಗಿ ಯಾವುದಾದರೂ ಶೌಚಾಲಯಕ್ಕೆ ಸುರಿದು ತೊಳೆಯಬೇಕು. ಎರಡನೆಯದು ನೀರಿಲ್ಲದ್ದು. ತೆಂಗಿನ ನಾರಿನ ಪುಡಿ ಹಾಕಿದರೆ ವಾಸನೆಯಿಲ್ಲ, ಗುಂಡಿಯಲ್ಲಿ ಮುಚ್ಚಿದರೆ ವರ್ಷದಲ್ಲಿ ಮಣ್ಣು. ಮೂರನೆಯದು ಫಳಫಳ ಹೊಳೆಯುವ ಪಿಂಗಾಣಿ. ಗುಂಡಿ ಒತ್ತಿದರೆ ಎಲ್ಲ ಮಾಯ. ಬಸ್ಸಿನ ಹೊಟ್ಟೆಯಡಿ ಎಂಬತ್ತು ಲೀಟರಿನ ಟ್ಯಾಂಕು, ಅದನ್ನು ಖಾಲಿ ಮಾಡಲು ಕೆಳಗೊಂದು ತಿರುಗಣೆ.

"ಡಬ್ಬಿ ಹಿಡ್ಕೊಂಡು ಓಡಾಡೋದಾ?" ಎಂದ ಶ್ರೀಮಂತ. "ನಮ್ಮ ಮನೆತನ ಗೊತ್ತೇನಯ್ಯ ನಿಂಗೆ?"

"ಮನೆತನ ಗೊತ್ತಿಲ್ಲ ಸ್ವಾಮಿ. ಮೂರು ಜನ, ದಿನಕ್ಕೆ ಎಷ್ಟಾಗುತ್ತೆ ಅನ್ನೋದು ಗೊತ್ತು" ಎಂದ ಮೇಸ್ತ್ರಿ.

ತಾಯಿ ನಕ್ಕುಬಿಟ್ಟಳು. "ಮಗಾ, ಹಿಡ್ಕೊಂಡು ಏಳೋಕೆ ಒಂದು ಕಂಬಿ ಇದ್ರೆ ಸಾಕು ಕಣೋ. ಡಬ್ಬಿ ಆದ್ರೇನಂತೆ? ನಿಂದು ನಾನು ಎಷ್ಟು ಎತ್ತಿ ಹಾಕಿಲ್ಲ?"

"ಅಮ್ಮಾ, ನೀನು ಸುಮ್ನಿರು."

ಮೂರನೆಯದನ್ನೇ ಆರಿಸಿದ. ಮೇಸ್ತ್ರಿ ಒಂದೇ ಒಂದು ಪ್ರಶ್ನೆ ಕೇಳಿದ. "ಆಯ್ತು ಸ್ವಾಮಿ. ಖಾಲಿ ಮಾಡೋರು ಯಾರು?"

"ಡ್ರೈವರ್ ಇದಾನಲ್ಲ."

"ಎಲ್ಲಿ ಮಾಡ್ಲಿ ಯಜಮಾನ್ರೇ?" ಎಂದ ಡ್ರೈವರು.

"ಎಲ್ಲಾದ್ರೂ ಮಾಡು. ನನ್ನ ಕಣ್ಣಿಗೆ ಬೀಳಬಾರದು, ಅಷ್ಟೆ."

ಈ ಮಾತು ನೆನಪಿರಲಿ. ನನ್ನ ಕಣ್ಣಿಗೆ ಬೀಳಬಾರದು, ಅಷ್ಟೆ.

ಹೊರಟರು. ದಾರಿಯುದ್ದಕ್ಕೂ ತಾಯಿ ಹೊಟ್ಟೆ ತುಂಬ ನೀರು ಕುಡಿದಳು. ನಾಲ್ಕನೇ ದಿನ ಬೆಳಿಗ್ಗೆ ಸಂಗಮ ಮುಟ್ಟಿದರು. ಡ್ರೈವರು ತಾಯಿ ಮಗನನ್ನು ಮೆಟ್ಟಿಲ ಬಳಿ ಇಳಿಸಿ, ನೆರಳು ಹುಡುಕುತ್ತ ಬಸ್ಸನ್ನು ಹೊಳೆಯ ಮೇಲಿನ ತಿರುವಿಗೆ ಒಯ್ದ. ಟ್ಯಾಂಕು ತುಂಬಿ ಕೆಂಪು ದೀಪ ಹತ್ತಿತ್ತು. ಸುತ್ತ ನೋಡಿದ. ಯಜಮಾನರ ಕಣ್ಣಿಗೆ ಬೀಳದ ಜಾಗ. ದಡದ ಅಂಚಿಗೆ ನಿಲ್ಲಿಸಿ ತಿರುಗಣೆ ತಿರುಗಿಸಿದ.

ನಾನು ಓದಿದ್ದು ವಿಜ್ಞಾನ, ಲೆಕ್ಕ ಹಾಕುವ ಚಟ ಇನ್ನೂ ಬಿಟ್ಟಿಲ್ಲ. ಹೊಳೆ ಸೆಕೆಂಡಿಗೆ ಅರ್ಧ ಮೀಟರು ಹರಿಯುತ್ತದೆ ಎನ್ನಿ. ತಿರುವಿನಿಂದ ಮೆಟ್ಟಿಲಿಗೆ ನಾನೂರು ಮೀಟರು. ಹದಿಮೂರು ನಿಮಿಷ ಇಪ್ಪತ್ತು ಸೆಕೆಂಡು. ಮಂಡಿ ನೋವಿನ ಮುದುಕಿ ಒಂದೊಂದೇ ಮೆಟ್ಟಿಲು ಇಳಿದು, ನಡುಮಟ್ಟ ನೀರಿಗೆ ಬಂದು, ಕೈ ಮುಗಿದು, ಮುಳುಗಿ ಏಳಲು ಎಷ್ಟು ಹೊತ್ತು ಬೇಕು? ಅಷ್ಟೇ ಹೊತ್ತು ಬೇಕು!

ಮುಳುಗಿ ಎದ್ದಳು. ತಂಬಿಗೆ ತುಂಬಿದಳು. ಮಗನ ಬೊಗಸೆಗೆ ಮೂರು ಸಲ ಬಿಟ್ಟಳು. ಅವನು ಕಣ್ಣಿಗೊತ್ತಿಕೊಂಡು ಮೂರು ಸಲವೂ ಕುಡಿದ. ಆಕೆ ತಂಬಿಗೆಯ ಬಾಯಿಗೆ ಬಟ್ಟೆ ಕಟ್ಟತೊಡಗಿದಳು. ಅಷ್ಟರಲ್ಲಿ ಡ್ರೈವರು ನಡೆದು ಬಂದು, ಮಗನ ಕಿವಿಯಲ್ಲಿ ಮೆಲ್ಲಗೆ ಹೇಳಿದ.

"ಟ್ಯಾಂಕು ಖಾಲಿ ಮಾಡ್ದೆ ಯಜಮಾನ್ರೇ."

"ಎಲ್ಲೋ?"

"ಅಲ್ಲೇ, ಆ ತಿರುವಲ್ಲಿ. ಯಾರೂ ಇರ್ಲಿಲ್ಲ. ನಿಮ್ ಕಣ್ಣಿಗೂ ಬೀಳಲ್ಲ."

ಶ್ರೀಮಂತ ತಿರುವನ್ನು ನೋಡಿದ. ನೀರನ್ನು ನೋಡಿದ. ತನ್ನ ಒದ್ದೆ ಬೊಗಸೆ ನೋಡಿಕೊಂಡ. ಆಮೇಲೆ ತಾಯಿಯ ಕೈಯಲ್ಲಿದ್ದ ತಂಬಿಗೆ ನೋಡಿದ. ಯಾವುದದು ತಂಬಿಗೆ? ನಾಳೆ ತನ್ನ ಕೈಯಿಂದಲೇ ತಾಯಿಯ ಬಾಯಿಗೆ ಬಿಡಬೇಕಾದ ನೀರಿನದ್ದು. ಸುಮ್ಮನಿದ್ದರೆ ಆಕೆಗೆ ಗೊತ್ತಾಗುತ್ತಿರಲಿಲ್ಲ. ಆಕೆಯ ಮುಖದಲ್ಲಿ ಅಂಥ ತೃಪ್ತಿ ಅವನು ಎಂದೂ ಕಂಡಿರಲಿಲ್ಲ. ನೀವಾಗಿದ್ದರೆ ಹೇಳುತ್ತಿದ್ದಿರಾ? ಎದೆ ಮುಟ್ಟಿಕೊಂಡು ಹೇಳಿ, ಹೇಳುತ್ತಿದ್ದಿರಾ?

ಅವನು ಹೇಳಿದ. ಎಲ್ಲವನ್ನೂ ಹೇಳಿದ.

ತಾಯಿ ಬೈಯಲಿಲ್ಲ. ಕಟ್ಟಿದ್ದ ಬಟ್ಟೆ ಬಿಚ್ಚಿ, ತಂಬಿಗೆಯನ್ನು ದಡದ ಮಣ್ಣಿಗೆ ಬಗ್ಗಿಸಿದಳು. ಡ್ರೈವರನ ಕಡೆ ತಿರುಗಿ, "ಕೈ ತೊಳ್ಕೊಂಡೆಯೇನಪ್ಪಾ? ಸೋಪು ಕೊಟ್ಟಿದಾರಾ ನಿಂಗೆ?" ಎಂದಳು. ಕೊಟ್ಟಿರಲಿಲ್ಲ.

ಮಗ ಅಳುತ್ತ, "ಬಾರಮ್ಮಾ, ತಿರುವಿಗಿಂತ ಮೇಲಕ್ಕೆ ಹೋಗಿ ಬೇರೆ ನೀರು ತುಂಬ್ಕೊಳ್ಳೋಣ" ಎಂದ.

ತಾಯಿ ಹೊಳೆಯನ್ನು ನೋಡುತ್ತ ಕೇಳಿದಳು: "ಅದಕ್ಕೂ ಮೇಲೆ ಇನ್ನೊಂದು ಬಸ್ಸು ನಿಂತಿಲ್ಲ ಅಂತ ಹೇಗೆ ಹೇಳ್ತೀಯೋ?"

ಖಾಲಿ ತಂಬಿಗೆಯೊಂದಿಗೇ ಊರಿಗೆ ಬಂದರು.

ಈ ಕಥೆ ಮೊದಲು ಕೇಳಿದ ದಿನ ನಾನು ಊಟ ಮಾಡಲಿಲ್ಲ. ಗಾಬರಿಯಾದದ್ದು ಹೊಳೆಗಾಗಿ ಅಲ್ಲ. ನನ್ನ ಮನೆಯ ಕೊಳವೆ ಎಲ್ಲಿ ಮುಗಿಯುತ್ತದೆ ಎಂದು ಯೋಚಿಸಿದೆ. ನಲವತ್ತು ವರ್ಷ ಆ ಮನೆಯಲ್ಲಿ ಪೂಜೆ ಮಾಡಿದ್ದೇನೆ, ನನಗೆ ಗೊತ್ತಿರಲಿಲ್ಲ! ನಿಮಗೆ ಗೊತ್ತೇ? ಅಷ್ಟು ನೀರಿನಲ್ಲಿ ಇಷ್ಟು ಬೆರೆತರೆ ಏನಾಗುತ್ತದೆ ಎನ್ನುತ್ತೀರಿ. ಆ ವಾದ ನಾನೂ ಬಲ್ಲೆ. ಬೊಗಸೆ ಬಾಯಿಗಿಟ್ಟುಕೊಂಡು ಹೇಳಿ, ಒಪ್ಪುತ್ತೇನೆ. ಮಗುವಿನ ಡಯಾಪರನ್ನು ಕವರಿನಲ್ಲಿ ಸುತ್ತಿ ಕಾರಿನ ಕಿಟಕಿಯಿಂದ ಎಸೆದವರು ಇಲ್ಲಿ ಯಾರೂ ಇಲ್ಲವೇ? ನೋಡಿ, ಕೆಲವರು ಹೆಂಡತಿಯ ಮುಖ ನೋಡುತ್ತಿದ್ದೀರಿ.

ಇವತ್ತು ಮನೆಗೆ ಹೋಗಿ, ನಿಮ್ಮ ಕೊಳವೆಯ ಕೊನೆ ಹುಡುಕಿ. ತೆರೆದ ಚರಂಡಿಗೆ ಬಿಟ್ಟಿದ್ದರೆ ಈ ತಿಂಗಳೇ ಸರಿಪಡಿಸಿ. ಶೌಚದ ಗುಂಡಿ ತುಂಬಿದರೆ ಯಂತ್ರ ಕರೆಸಿ, ಮನುಷ್ಯನನ್ನು ಇಳಿಸಬೇಡಿ. ಪ್ರಯಾಣದಲ್ಲಿ ನಿಮ್ಮದನ್ನು ನೀವೇ ಹೊತ್ತು, ತಕ್ಕ ಜಾಗದಲ್ಲಿ ಹಾಕಿ. ಯಾವುದನ್ನೇ ಕೊಳ್ಳುವ ಮುಂಚೆ ಆ ಮೇಸ್ತ್ರಿಯ ಪ್ರಶ್ನೆ ಕೇಳಿಕೊಳ್ಳಿ: ಖಾಲಿ ಮಾಡೋರು ಯಾರು? ಮನೆಯ ಶೌಚಾಲಯವನ್ನು ವಾರಕ್ಕೊಮ್ಮೆಯಾದರೂ ಗಂಡಸರೇ, ಕೇಳಿಸಿತೇ, ಗಂಡಸರೇ, ನಿಮ್ಮ ಕೈಯಿಂದ ತೊಳೆಯಿರಿ.

ಈ ಸಭಾಭವನದ ಹಿಂದೆ ನಾಲ್ಕು ಶೌಚಾಲಯಗಳಿವೆ. ಬೆಳಿಗ್ಗೆಯಿಂದ ನಾವೆಲ್ಲ ಬಳಸಿದ್ದೇವೆ. ಮಂಗಳಾರತಿ ಆದ ಕೂಡಲೇ ನಾನು ಅಲ್ಲಿರುತ್ತೇನೆ. ಬಕೆಟ್ಟು ನಾಲ್ಕಿವೆ, ಪೊರಕೆಯೂ ನಾಲ್ಕು. ಒಂದು ನನ್ನದು.