ತಲೆ ತಗ್ಗಿಸಿದ ಸ್ಪೀಕರುಗಳು

ರೊಟ್ಟಿ ಚೂರಿನ ಮೇಲೆ ಬಿಸಿ ಕಡಲೆ ಸಾರು ಸುರಿದು ಕೊಡುವ ಲಬ್ಲಾಬಿ ಅಂಗಡಿಯ ಸಾಲಿನಲ್ಲಿ ಝಕಿಯಾ ತನ್ನ ಬಟ್ಟಲಿಗೆ ರೊಟ್ಟಿ ಮುರಿದು ಹಾಕುತ್ತಿದ್ದಳು. ಅವಳ ಮುಂದಿದ್ದ ಇಬ್ಬರೂ ಬೆವರಿನಲ್ಲಿ ತೊಯ್ದಿದ್ದರು. ಇವತ್ತಿನ ಸಂಗೀತೋತ್ಸವಕ್ಕೆ ಹಳೇ ಕಲ್ಲಿನ ರಂಗಮಂದಿರದಲ್ಲಿ ಸ್ಪೀಕರ್ ಕಟ್ಟುವವರು.

“ಮೋಂಜಿ ಅಣ್ಣ, ಅಷ್ಟೆತ್ತರ ಎತ್ತಿ ನೇತುಹಾಕಿದ್ದಾಯ್ತು. ಮತ್ತೆ ಇಳಿಸೋದ್ಯಾಕೆ?” ಎಂದ ಚಿಕ್ಕವನು.

“ಎಲ್ಲ ಪೆಟ್ಟಿಗೆನೂ ತಲೆ ತಗ್ಗಿಸಿ ನಿಂತಿವೆಯಲ್ಲೋ ಲಸಾದ್! ಸದ್ದೆಲ್ಲ ಮುಂದಿನ ಸೋಫಾಗಳಿಗೇ ಬೀಳುತ್ತೆ.”

“ಉತ್ಸವದ ಸಾಹೇಬ್ರೇ ಹಾಗೆ ಹೇಳಿದ್ದು. ಗಣ್ಯರಿಗೆ ಚೆನ್ನಾಗಿ ಕೇಳ್ಬೇಕಂತೆ.”

“ಗಣ್ಯರು ಪ್ರತಿ ವರ್ಷ ಎರಡನೇ ಹಾಡಿಗೇ ಎದ್ದು ಹೋಗ್ತಾರೆ. ಆಮೇಲೆ ಖಾಲಿ ಸೋಫಾಗೆ ಹಾಡ್ಬೇಕಾ?”

“ಮೇಲಿನ ಮೆಟ್ಟಿಲಲ್ಲಿ ಕೂರೋರು ಹೇಗೂ ತಾವೇ ಹಾಡ್ಕೋತಾರೆ, ಬಿಡಣ್ಣ. ಈ ಬಿಸಿಲಲ್ಲಿ ಮತ್ತೆ ಹತ್ತೋಕೆ ನನ್ ಕೈಲಾಗಲ್ಲ.”

“ಆಯ್ತಪ್ಪ. ಅಮ್ಮನಿಗೆ ಟಿಕೆಟ್ ತಗೊಂಡೆ ಅಂದ್ಯಲ್ಲ, ಎಲ್ಲಿ ಕೂರ್ತಾರೆ?”

ಲಸಾದ್ ತನ್ನ ಬಟ್ಟಲಿನ ರೊಟ್ಟಿಯನ್ನೇ ನೋಡಿದ.

“ಮೇಲೆ. ಕೊನೇ ಮೆಟ್ಟಿಲು.”

“ಹೌದಾ? ಪಾಪ.”

“ಪಾಪ ನಾನು! ಒಂದು ಹಾಡು ತಪ್ಪಿದ್ರೂ ಮುಂದಿನ ರಮದಾನ್ ತನಕ ಬಿಡಲ್ಲ ಅವಳು. ನಡಿ, ಇಳಿಸೋಣ.”

“ಊಟ ಮಾರಾಯ?”

“ಊಟ ಹಾಳಾಗ್ಲಿ!”

ಅವರು ಹೋದರು. ಕಟ್ಟೆಯ ಮೇಲೆ ಎರಡು ಬಟ್ಟಲು ರೊಟ್ಟಿ, ಸಾರು ಬೀಳದೆ ಹಾಗೇ ಉಳಿಯಿತು.