ಖಾಲಿ ಕುರ್ಚಿಯ ಎದೆಬಡಿತ

ಆ ಬಾಗಿಲು ಮುಂದಕ್ಕೆ ಹಾಕು... ಹೇಳ್ತೀನಿ. ಇದು ನನ್ನ ದೊಡ್ಡಪ್ಪನ ಮಗಳಿಗೆ ಆಗಿದ್ದು. ಅಕ್ಕ ಕತೆ ಕಟ್ಟೋಳಲ್ಲ.

ಅವತ್ತು ಲ್ಯಾಬಿಂದ ತಡವಾಗಿ ಹೊರಟಿದ್ಲು. ಹಾಳುಬಾವಿ ಪಕ್ಕದ ದಾರಿ. ಕಾಲಡಿ ಒಣಗಿದೆಲೆ ಚರಚರ ಅಂತಿತ್ತು. ಬಾವಿಕಟ್ಟೆ ಹತ್ತಿರ ಆಫೀಸಿನ ಗುಮಾಸ್ತರು ಸೈಕಲ್ ಹಿಡ್ಕೊಂಡು ಕಾಯ್ತಿದ್ರು. ಪಿಸುದನಿಯಲ್ಲಿ ಅಂದ್ರು, "ನಿಮ್ಮಿಬ್ಬರ ಕೆಲಸಕ್ಕೆ ಪೇಟೆಂಟ್ ಬಂದಿದೆಯಮ್ಮ... ನಿಮ್ಮ ಹೆಸರಿಲ್ಲ. ಅವರು ಸಾಯೋಕೆ ಮುಂಚೇನೇ ತಮ್ಮೊಬ್ಬರ ಹೆಸರಲ್ಲಿ ಅರ್ಜಿ ಹಾಕಿದ್ರು."

ಅವರು ಅಂದ್ರೆ ಅಕ್ಕನ ಜೊತೆಗಾರ. ವರ್ಷಗಟ್ಟಲೆ ಒಂದೇ ಮೇಜಲ್ಲಿ ದುಡಿದವರು ಇಬ್ಬರೂ. ಅವರು ಕಟ್ಟಿದ ಯಂತ್ರದಲ್ಲಿ ಒಂದು ವಜ್ರದ ಚೂರು. ಅದರೊಳಗೆ ಸ್ಪಿನ್‌ಗಳು... ಕಣ್ಣಿಗೆ ಕಾಣದ ದಿಕ್ಸೂಚಿ ಮುಳ್ಳುಗಳು ಅನ್ಕೋ. ಎದುರು ಕುರ್ಚಿಯಲ್ಲಿ ಕೂತವರ ಎದೆಬಡಿತವನ್ನ ಮೈ ಮುಟ್ಟದೇ ಹಿಡಿದು ಸ್ಪೀಕರ್‌ನಲ್ಲಿ ಕೇಳಿಸೋಕೆ. ಆದ್ರೆ ಲಿಫ್ಟು, ವೈರು, ಎಲ್ಲದರ ಕಾಂತದ ಗದ್ದಲಕ್ಕೂ ಅವು ಅಲುಗಾಡ್ತವೆ. ಮೈಕ್ರೋವೇವ್ ಅಲೆಗಳ ಪಲ್ಸಿಂದ ಮುಳ್ಳುಗಳನ್ನ ಮತ್ತೆ ಮತ್ತೆ ಮಗುಚಿದ್ರೆ ಗದ್ದಲ ಅಳಿಸಿಹೋಗುತ್ತೆ ಅಂತ ಕಂಡುಹಿಡಿದವಳು ಅಕ್ಕ. ಮೊದಲು ಪರೀಕ್ಷೆಗೆ ಆ ಕುರ್ಚಿಯಲ್ಲಿ ಕೂತವನು ಆ ಜೊತೆಗಾರನೇ. ಅವನೆದೆ ನಡುನಡುವೆ ಒಂದು ಬಡಿತ ತಪ್ಪಿಸ್ತಿತ್ತು. ಲಬ್‌ಡಬ್... ಲಬ್‌ಡಬ್... ಸುಮ್ಮನೆ... ಲಬ್‌ಡಬ್.

ಆ ಎದೆಯೇ ಒಂದು ದಿನ ನಿಂತುಹೋಯ್ತು.

ಆಮೇಲೆ ಶುರುವಾಯ್ತು. ಕುರ್ಚಿ ಖಾಲಿ, ಸ್ಪೀಕರ್‌ನಲ್ಲಿ ಅದೇ ಸದ್ದು. ಯಂತ್ರದ ದೋಷ ಅನ್ಕೊಂಡು ಅಕ್ಕ ಪಲ್ಸ್ ತಿದ್ದಿದ್ಲು, ಗದ್ದಲ ಇಳಿಸಿದ್ಲು. ಅಳತೆ ನಿಖರ ಆದಷ್ಟೂ ಅದು ಸ್ಪಷ್ಟ ಆಯ್ತು. ಕೊನೆಗೆ ತಿದ್ದೋದೇ ಬಿಟ್ಲು. ಹೋದವನು ನನಗೋಸ್ಕರ ಬರ್ತಾನಲ್ಲ ಅಂತ ಅವಳಿಗೆ ಸಮಾಧಾನ. ದಿನಾ ಸಂಜೆ ಆ ಕುರ್ಚಿ ಜೊತೆ ಮಾತಾಡೋಳು.

ಗುಮಾಸ್ತರ ಮಾತು ಕೇಳಿ, ಬಾವಿಕಟ್ಟೆಯಿಂದಲೇ ವಾಪಸ್ ತಿರುಗಿದ್ಲು. ಲ್ಯಾಬಲ್ಲಿ ಕತ್ತಲು. ಸ್ಪೀಕರ್ ಹಾಕಿದ್ಲು. ಲಬ್‌ಡಬ್...

"ಕೇಳಿದ್ರೆ ನಾನೇ ಕೊಡ್ತಿದ್ದೆನಲ್ಲೋ," ಅಂದ್ಲು. ಅಷ್ಟೇ.

ಬಡಿತ ಜೋರಾಯ್ತು. ದಡದಡ, ಯಾರೋ ಓಡೋ ಹಾಗೆ. ಅಕ್ಕ ಪ್ಲಗ್ ಕಿತ್ಲು. ಯಂತ್ರದ ಫ್ಯಾನು ಗುಯ್ ಅಂತ ಇಳಿದು ನಿಂತಿತು... ಬಡಿತ ನಿಲ್ಲಲಿಲ್ಲ. ಈಗ ಅದು ಸ್ಪೀಕರಿಂದ ಬರ್ತಿರಲಿಲ್ಲ. ಕುರ್ಚಿಯಿಂದ ಬರ್ತಿತ್ತು.

ಅಕ್ಕ ಬಾಗಿಲು ಹಾಕ್ಕೊಂಡು ಬಂದ್ಲು. ಅವತ್ತೇ ಅವಳು ಅತ್ತಿದ್ದು. ಅವನು ಸತ್ತಾಗಲೂ ಅತ್ತಿರಲಿಲ್ಲ.

ಬೆಳಿಗ್ಗೆ ಅವಳ ಜೊತೆ ನಾನೂ ಹೋಗಿದ್ದೆ. ನಂಬಿದ್ರೆ ನಂಬು, ಬಿಟ್ರೆ ಬಿಡು, ನನ್ನ ಕಣ್ಣಾರೆ ಕಂಡಿದ್ದೀನಿ. ಯಂತ್ರಕ್ಕೆ ಎದುರಾಗಿದ್ದ ಕುರ್ಚಿ ಗೋಡೆ ಕಡೆ ಮುಖ ಮಾಡಿ ನಿಂತಿತ್ತು. ಅಲುಗಬಾರದು ಅಂತ ಅದನ್ನ ಹಿತ್ತಾಳೆ ಬೋಲ್ಟ್ ಹಾಕಿ ನೆಲಕ್ಕೆ ಬಿಗಿದಿದ್ರು. ಬೋಲ್ಟಿನ ಮೇಲಿನ ಬಣ್ಣ ಕೂಡ ಬಿರುಕು ಬಿಟ್ಟಿರಲಿಲ್ಲ.